ವೈದ್ಯವಿದ್ಯಾಲಯಗಳ ನಾಯಕರ ವಿದ್ಯಾಹಿನ್ನೆಲೆ: ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ನಿದರ್ಶನ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯಹೊರಟವರು ದಾನಪತ್ರ, ಕಟ್ಟಡ, ನಿಯಮಾವಳಿ ಇವುಗಳಿಂದ ಆರಂಭಿಸುವುದು ರೂಢಿಯಾಗಿದೆ. ಅವುಗಳಿಗೆ ದಾಖಲೆ ಸುಲಭವಾಗಿ ದೊರೆಯುತ್ತದೆ. ಆದರೆ ಸಂಸ್ಥೆಯ ಮುಖ್ಯಪೀಠದಲ್ಲಿ ಕುಳಿತವನು ಅಲ್ಲಿಗೆ ಬರುವ ಮುನ್ನ ಏನನ್ನು ಓದಿದ್ದನು, ಯಾರ ಬಳಿಯಲ್ಲಿ ಓದಿದ್ದನು, ಆ ಓದು ಸಂಸ್ಥೆಯ ಗತಿಯನ್ನು ಎಷ್ಟರಮಟ್ಟಿಗೆ ನಿರ್ಣಯಿಸಿತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಆರೋಗ್ಯವಿಜ್ಞಾನಗಳನ್ನು ಬೋಧಿಸುವ ವಿದ್ಯಾಲಯಗಳ ವಿಷಯದಲ್ಲಿ ಈ ಪ್ರಶ್ನೆಗಳಿಗೆ ವಿಶೇಷ ಮಹತ್ತ್ವವುಂಟು. ವೈದ್ಯಕೀಯವು ಒಂದು ಕಡೆ ವೃತ್ತಿ, ಇನ್ನೊಂದು ಕಡೆ ವಿಜ್ಞಾನ, ಮತ್ತೊಂದು ಕಡೆ ಸಮಾಜದ ಸೇವೆ. ಈ ಮೂರರಲ್ಲಿ ಯಾವುದರಲ್ಲಿ ಪಳಗಿದವನು ನಾಯಕನಾಗಬೇಕೆಂಬುದನ್ನು ತೀರ್ಮಾನಿಸಿದರೆ, ಮೂರರಲ್ಲಿ ಯಾವುದು ಮುಖ್ಯವೆಂಬುದನ್ನೂ ಅರ್ಧ ತೀರ್ಮಾನಿಸಿದಂತೆಯೇ.

ಈ ಲೇಖನದಲ್ಲಿ ನಾವು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವನ್ನು ನಿದರ್ಶನವಾಗಿ ತೆಗೆದುಕೊಂಡು, 1893ರಿಂದ 1931ರವರೆಗಿನ ಅವಧಿಯಲ್ಲಿ ಅದರ ವೈದ್ಯಕೀಯ ಮತ್ತು ಆರೋಗ್ಯಶಾಸ್ತ್ರ ವಿದ್ಯಾಲಯಗಳನ್ನು ನಡೆಸಿದವರ ವಿದ್ಯಾಹಿನ್ನೆಲೆಯನ್ನು ಪರಿಶೀಲಿಸುತ್ತೇವೆ. ಆ ಮಾದರಿ ನಮ್ಮ ದೇಶಕ್ಕೂ ಬಂದುದರಿಂದ ಕೊನೆಯಲ್ಲಿ ಇಲ್ಲಿಯ ಪರಿಸ್ಥಿತಿಯನ್ನೂ ಸಂಕ್ಷೇಪವಾಗಿ ನೋಡುತ್ತೇವೆ.

1

ಹಿಂದಿನ ಸ್ಥಿತಿಯನ್ನು ತಿಳಿಯದೆ ಬದಲಾವಣೆಯ ಪ್ರಮಾಣ ತಿಳಿಯದು. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಅಮೆರಿಕದ ವೈದ್ಯಶಾಲೆಗಳು ಊರಿನ ಹೆಸರಾಂತ ವೈದ್ಯರು ಕೂಡಿ ನಡೆಸುತ್ತಿದ್ದ ಖಾಸಗಿ ಉದ್ಯಮಗಳಾಗಿದ್ದವು. ವಿದ್ಯಾರ್ಥಿಗಳು ತೆತ್ತ ಶುಲ್ಕ ನೇರವಾಗಿ ಅಧ್ಯಾಪಕರ ಕೈಸೇರುತ್ತಿತ್ತು. ವಿಶ್ವವಿದ್ಯಾನಿಲಯದ ಹೆಸರನ್ನು ಧರಿಸಿದ ಶಾಲೆಗಳೂ ವಾಸ್ತವವಾಗಿ ಸ್ವತಂತ್ರವಾಗಿಯೇ ನಡೆಯುತ್ತಿದ್ದವು. ಹಾರ್ವರ್ಡಿನಲ್ಲಿಯೇ ಒಂಬತ್ತು ವಿಷಯಗಳ ಮೌಖಿಕ ಪರೀಕ್ಷೆಯಲ್ಲಿ ಐದರಲ್ಲಿ ತೇರ್ಗಡೆಯಾದವನಿಗೆ ವೈದ್ಯಪದವಿ ದೊರೆಯುತ್ತಿದ್ದಿತು. ಉಳಿದ ನಾಲ್ಕರಲ್ಲಿ ಏನೂ ತಿಳಿಯದವನೂ ರೋಗಿಗಳ ಬಳಿಗೆ ಹೋಗಬಹುದಾಗಿದ್ದಿತು.

ಇಂತಹ ಶಾಲೆಯ ನಾಯಕನಿಗೆ ಬೇಕಾಗಿದ್ದ ಅರ್ಹತೆ ಒಂದೇ: ಊರಿನಲ್ಲಿ ದೊಡ್ಡ ವೃತ್ತಿ. ಈ ಪದ್ಧತಿಯನ್ನು ಹಾರ್ವರ್ಡಿನಲ್ಲಿ ಮೊದಲು ಅಲುಗಿಸಿದವನು ವೈದ್ಯನಲ್ಲ. 1869ರಲ್ಲಿ ಆ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ಟನು ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದವನು. ಅವನು ವೈದ್ಯಶಾಲೆಯ ಸಭೆಗಳಿಗೆ ತಾನೇ ಹೋಗಿ ಅಧ್ಯಕ್ಷಪೀಠದಲ್ಲಿ ಕುಳಿತನು. ಲಿಖಿತ ಪರೀಕ್ಷೆ, ಕ್ರಮಬದ್ಧವಾದ ಮೂರು ವರ್ಷಗಳ ಪಾಠ, ಅಧ್ಯಾಪಕರಿಗೆ ನಿಶ್ಚಿತ ವೇತನ ಇವು 1871ರಿಂದ ಜಾರಿಗೆ ಬಂದವು. ಹೆಸರಾಂತ ಶಸ್ತ್ರವೈದ್ಯನಾಗಿದ್ದ ಹೆನ್ರಿ ಬಿಗೆಲೋ ಇದನ್ನು ಬಲವಾಗಿ ವಿರೋಧಿಸಿದನು. ವಿದ್ಯಾರ್ಥಿಗಳಲ್ಲಿ ಹಲವರಿಗೆ ಸರಿಯಾಗಿ ಬರೆಯಲು ಬಾರದೆಂಬುದೇ ಲಿಖಿತ ಪರೀಕ್ಷೆಗೆ ಎದುರಾಗಿ ಬಂದ ಆಕ್ಷೇಪಗಳಲ್ಲೊಂದು. ವೃತ್ತಿಯಲ್ಲಿ ನುರಿತವನು ಹಳೆಯದನ್ನು ಕಾಯ್ದುಕೊಳ್ಳಲು ನಿಂತನು. ಪ್ರಯೋಗಶಾಲೆಯಿಂದ ಬಂದವನು ಅದನ್ನು ಮುರಿಯಲು ನಿಂತನು. ಮುಂದೆ ಅರ್ಧಶತಮಾನ ನಡೆದ ವಿವಾದದ ಬೀಜರೂಪವನ್ನು ಇಲ್ಲಿಯೇ ಕಾಣಬಹುದು.

2

ಬಾಲ್ಟಿಮೋರಿನ ವ್ಯಾಪಾರಿ ಜಾನ್ಸ್ ಹಾಪ್‌ಕಿನ್ಸನು 1873ರಲ್ಲಿ ತೀರಿಕೊಂಡಾಗ ಒಂದು ವಿಶ್ವವಿದ್ಯಾನಿಲಯಕ್ಕೂ ಒಂದು ಆಸ್ಪತ್ರೆಗೂ ಸೇರಿ 70 ಲಕ್ಷ ಡಾಲರುಗಳನ್ನು ಬಿಟ್ಟುಹೋದನು. ವಿಶ್ವವಿದ್ಯಾನಿಲಯವು 1876ರಲ್ಲಿಯೂ ಆಸ್ಪತ್ರೆಯು 1889ರಲ್ಲಿಯೂ ಆರಂಭವಾದವು. ಆದರೆ ವೈದ್ಯವಿದ್ಯಾಲಯವನ್ನು ತೆರೆಯಲು ಹಣ ಸಾಲದೆಹೋಯಿತು. ಆ ಕೊರತೆಯನ್ನು ತುಂಬಿದವರು ಸ್ತ್ರೀಯರು. ಮೇರಿ ಗ್ಯಾರೆಟ್ ಮತ್ತು ಆಕೆಯ ಸಂಗಡಿಗರು 5 ಲಕ್ಷ ಡಾಲರುಗಳ ನಿಧಿಯನ್ನು ಕೂಡಿಸಿದರು. ಅದರಲ್ಲಿ 3,06,977 ಡಾಲರುಗಳು ಗ್ಯಾರೆಟ್ಟಳೊಬ್ಬಳದೇ. ಹಣದೊಡನೆ ಷರತ್ತುಗಳೂ ಬಂದವು. ಪುರುಷರಿಗೆ ಸಮನಾಗಿ ಸ್ತ್ರೀಯರಿಗೂ ಪ್ರವೇಶವಿರಬೇಕು. ಪ್ರವೇಶ ಬಯಸುವವರೆಲ್ಲರಿಗೂ ಮೊದಲೇ ಕಾಲೇಜಿನ ಪದವಿ ಇರಬೇಕು. ವಿಜ್ಞಾನದ ತಳಹದಿಯೂ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಜ್ಞಾನವೂ ಇರಬೇಕು. 1893ರ ಅಕ್ಟೋಬರಿನಲ್ಲಿ ವಿದ್ಯಾಲಯವು ತೆರೆದಾಗ ಮೊದಲ ತರಗತಿಗೆ ಸೇರಿದ 18 ಮಂದಿಯಲ್ಲಿ ಮೂವರು ಸ್ತ್ರೀಯರು.

ಈ ನಿಯಮಗಳನ್ನು ಕಂಡು, ತಾವು ಅಧ್ಯಾಪಕರಾಗಿ ಒಳಗೆ ಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿ ಎಂದೂ ಬರಲಾಗುತ್ತಿರಲಿಲ್ಲವೆಂದು ವಿಲಿಯಂ ಓಸ್ಲರನು ಹಾಸ್ಯ ಮಾಡಿದನೆಂಬ ಹೇಳಿಕೆ ಇದೆ. ಹಾಸ್ಯವಾದರೂ ಅದರಲ್ಲಿ ಚರಿತ್ರಕಾರನು ಗಮನಿಸಬೇಕಾದ ಸತ್ಯವಿದೆ. ಸಂಸ್ಥೆಯೊಂದು ತನ್ನ ವಿದ್ಯಾರ್ಥಿಗಳಿಂದ ನಿರೀಕ್ಷಿಸುವ ವಿದ್ಯಾಕ್ರಮವೇ ಬೇರೆ, ಅದನ್ನು ಕಟ್ಟಿದವರು ನಡೆದುಬಂದ ದಾರಿಯೇ ಬೇರೆ. ಮೊದಲ ಮೂವರು ಡೀನರ ಓದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲ ಡೀನನಾದ ವಿಲಿಯಂ ಹೆನ್ರಿ ವೆಲ್ಚನು 1850ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನಾರ್‌ಫೋಕ್ ಎಂಬ ಊರಿನಲ್ಲಿ ಹುಟ್ಟಿದನು. 1870ರಲ್ಲಿ ಯೇಲ್‌ನಲ್ಲಿ ಪದವಿ ಪಡೆದಾಗ ಅವನ ಒಲವು ಗ್ರೀಕ್ ಭಾಷೆಯ ಕಡೆಗಿದ್ದಿತು. ಒಂದು ವರ್ಷ ಶಾಲಾಮಾಸ್ತರನಾಗಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿಸಿದ ಬಳಿಕವೇ ಅವನು ವೈದ್ಯಕೀಯದ ಕಡೆಗೆ ತಿರುಗಿದ್ದು. ಯೇಲ್‌ನಲ್ಲಿ ಮತ್ತೆ ರಸಾಯನಶಾಸ್ತ್ರವನ್ನು ಓದಿ, 1875ರಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯಪದವಿ ಪಡೆದು, 1876ರಿಂದ 1878ರವರೆಗೆ ಜರ್ಮನಿಯಲ್ಲಿ ಕಲಿತನು. ಲೈಪ್ಜಿಗ್‌ನಲ್ಲಿ ಕಾರ್ಲ್ ಲೂಡ್‌ವಿಗ್, ಬ್ರೆಸ್ಲಾವಿನಲ್ಲಿ ಯೂಲಿಯುಸ್ ಕೋನ್‌ಹೈಮ್ ಇವರ ಪ್ರಯೋಗಶಾಲೆಗಳಲ್ಲಿ ಅವನಿಗೆ ದೊರೆತ ಶಿಕ್ಷಣವೇ ಮುಂದಿನ ಬಾಳಿಗೆ ಬಂಡವಾಳವಾಯಿತು. 1884ರಲ್ಲಿ ಹಾಪ್‌ಕಿನ್ಸಿನ ರೋಗವಿಜ್ಞಾನದ ಪ್ರಾಧ್ಯಾಪಕನಾಗಿ ನೇಮಕಗೊಂಡು, 1893ರಿಂದ 1898ರವರೆಗೆ ಡೀನನಾಗಿದ್ದನು.

ಅವನ ನಂತರ ಒಂದು ವರ್ಷ ಡೀನನಾಗಿದ್ದ ಓಸ್ಲರನ ದಾರಿ ಬೇರೆ. ಕೆನಡಾದ ಪಾದ್ರಿಯೊಬ್ಬನ ಮಗನಾದ ಅವನು ತಾನೂ ಪಾದ್ರಿಯಾಗಬೇಕೆಂದು ಟೊರಾಂಟೋದ ಕಾಲೇಜನ್ನು ಸೇರಿ, ಅಲ್ಲಿ ಮನಸ್ಸು ತಿರುಗಿ, 1872ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವೈದ್ಯಪದವಿ ಪಡೆದವನು. ಅವನು ಶವಪರೀಕ್ಷೆಯ ಮೇಜಿನ ಬಳಿಯಲ್ಲೂ ಹಾಗೆಯೇ ರೋಗಿಯ ಹಾಸಿಗೆಯ ಬಳಿಯಲ್ಲೂ ಬೆಳೆದ ವೈದ್ಯ. ವಿದ್ಯಾರ್ಥಿಗಳನ್ನು ಉಪನ್ಯಾಸದ ಕೊಠಡಿಯಿಂದ ವಾರ್ಡುಗಳಿಗೆ ಕರೆದೊಯ್ದು ಕಲಿಸಿದ್ದು ಅವನ ಮುಖ್ಯ ಸಾಧನೆ.

ಮೂರನೆಯವನಾದ ವಿಲಿಯಂ ಹೋವೆಲ್‌ನ ಸಂಗತಿ ಇನ್ನೂ ವಿಚಿತ್ರವಾದುದು. 1899ರಿಂದ 1911ರವರೆಗೆ ಹನ್ನೆರಡು ವರ್ಷ ವೈದ್ಯವಿದ್ಯಾಲಯದ ಡೀನನಾಗಿದ್ದ ಇವನು ವ್ಯಾಸಂಗದಿಂದ ಗಳಿಸಿದ್ದು ವೈದ್ಯಪದವಿಯನ್ನಲ್ಲ; 1884ರಲ್ಲಿ ಹಾಪ್‌ಕಿನ್ಸಿನಲ್ಲಿಯೇ ನ್ಯೂವೆಲ್ ಮಾರ್ಟಿನ್ ಎಂಬ ಜೀವಶಾಸ್ತ್ರಜ್ಞನ ಕೈಕೆಳಗೆ ಪಡೆದ ಪಿಎಚ್.ಡಿ. ಪದವಿಯನ್ನು. ರೋಗಿಯ ನಾಡಿ ಹಿಡಿದು ಜೀವನೋಪಾಯ ಮಾಡದ ಶರೀರಕ್ರಿಯಾಶಾಸ್ತ್ರಜ್ಞನೊಬ್ಬನು ದೇಶದ ಅತ್ಯುತ್ತಮ ವೈದ್ಯವಿದ್ಯಾಲಯಕ್ಕೆ ಮುಖ್ಯಸ್ಥನಾಗಬಹುದೆಂಬುದು ಬಿಗೆಲೋವಿನ ಕಾಲದಲ್ಲಿ ಊಹೆಗೂ ಮೀರಿದ ಮಾತು. ಮೂವತ್ತು ವರ್ಷಗಳಲ್ಲಿ ವೈದ್ಯಕೀಯದ ಅಧಿಕಾರಕೇಂದ್ರವು ವೃತ್ತಿಯಿಂದ ವಿಜ್ಞಾನಕ್ಕೆ ಎಷ್ಟು ದೂರ ಸರಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

3

ಹಾಪ್‌ಕಿನ್ಸಿನ ಮಾದರಿಯನ್ನು ದೇಶದ ನಿಯಮವನ್ನಾಗಿ ಮಾಡಿದವನೂ ವೈದ್ಯನಲ್ಲವೆಂಬುದು ಗಮನಾರ್ಹ. ಏಬ್ರಹಾಂ ಫ್ಲೆಕ್ಸ್‌ನರನು ಲೂಯಿವಿಲ್ ನಗರದ ಶಾಲಾಮಾಸ್ತರ; 1886ರಲ್ಲಿ ಹಾಪ್‌ಕಿನ್ಸಿನಿಂದ ಪದವಿ ಪಡೆದವನು. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅವನು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಶಾಲೆಗಳನ್ನು ಕಂಡು 1910ರಲ್ಲಿ ವರದಿಯನ್ನು ಪ್ರಕಟಿಸಿದನು. ತನ್ನ ವಿದ್ಯಾಮಾತೆಯೇ ಅವನಿಗೆ ಅಳತೆಗೋಲಾಯಿತು. 1920ರ ದಶಕದ ಆರಂಭಕ್ಕೆ ಶಾಲೆಗಳ ಸಂಖ್ಯೆ ಸುಮಾರು 80ಕ್ಕೆ ಇಳಿಯಿತು. ಮುಚ್ಚಿದವುಗಳಲ್ಲಿ ಬಹಳಷ್ಟು ಮುಚ್ಚತಕ್ಕವೇ ಆಗಿದ್ದವೆಂಬುದನ್ನು ಒಪ್ಪಬೇಕು. ಆದರೆ ಕರಿಯ ಜನಾಂಗದ ವಿದ್ಯಾರ್ಥಿಗಳಿಗಾಗಿ ಇದ್ದ ಏಳು ಶಾಲೆಗಳಲ್ಲಿ ಐದು ಮುಚ್ಚಿ, ಹೋವರ್ಡ್ ಮತ್ತು ಮೆಹಾರಿ ಎಂಬ ಎರಡೇ ಉಳಿದದ್ದನ್ನೂ ಮರೆಯಬಾರದು. ಹೋವರ್ಡ್ ವೈದ್ಯವಿದ್ಯಾಲಯಕ್ಕೆ ಕರಿಯ ಜನಾಂಗದ ಮೊದಲ ಡೀನನು ನೇಮಕವಾದದ್ದು 1929ರಲ್ಲಿ. ಆತನೇ ನ್ಯೂಮಾ ಆಡಮ್ಸ್. ಮೊದಲು ರಸಾಯನಶಾಸ್ತ್ರದಲ್ಲಿ ಎಂ.ಎ. ಮಾಡಿ ಆ ವಿಷಯದ ಪ್ರಾಧ್ಯಾಪಕನಾಗಿದ್ದು, ಅನಂತರ 1924ರಲ್ಲಿ ವೈದ್ಯಪದವಿ ಪಡೆದವನು. ಪ್ರಯೋಗಶಾಲೆಯ ಶಿಕ್ಷಣವೇ ನಾಯಕತ್ವದ ಯೋಗ್ಯತೆಯೆಂಬ ಹೊಸ ನಿಯಮವು ಇಲ್ಲಿಯೂ ಕೆಲಸಮಾಡಿದುದನ್ನು ಕಾಣುತ್ತೇವೆ.

ಹಾಪ್‌ಕಿನ್ಸಿನ ಒಳಗೆ ಈ ನಿಯಮವು ಒಡಕನ್ನೂ ತಂದಿತು. ವೈದ್ಯಕೀಯ, ಶಸ್ತ್ರಚಿಕಿತ್ಸೆ ಮುಂತಾದ ವಿಭಾಗಗಳ ಪ್ರಾಧ್ಯಾಪಕರು ಖಾಸಗಿ ವೃತ್ತಿಯ ಸಂಪಾದನೆಯನ್ನು ತೊರೆದು ಪೂರ್ಣಕಾಲದ ವೇತನಕ್ಕೆ ಒಳಪಡಬೇಕೆಂದು ಫ್ಲೆಕ್ಸ್‌ನರನು 1911ರಲ್ಲಿ ಸೂಚಿಸಿದನು. 1905ರಲ್ಲಿಯೇ ಆಕ್ಸ್‌ಫರ್ಡಿಗೆ ಹೋಗಿದ್ದ ಓಸ್ಲರನು ಅಲ್ಲಿಂದಲೇ ಇದನ್ನು ಪ್ರತಿಭಟಿಸಿ ಪತ್ರ ಬರೆದನು. ಪ್ರಯೋಗಶಾಲೆಯಲ್ಲಿ ಮುಳುಗಿದ ಅಧ್ಯಾಪಕನು ಹೊರಗಿನ ವೈದ್ಯವೃತ್ತಿಯಿಂದಲೂ ಜನಜೀವನದಿಂದಲೂ ದೂರವಾಗುವನೆಂಬುದು ಅವನ ಅಂಜಿಕೆ. ಆದರೂ 1913ರಲ್ಲಿ ರಾಕ್‌ಫೆಲರನ ಹಣದಿಂದ ನಡೆಯುತ್ತಿದ್ದ ಜನರಲ್ ಎಜುಕೇಷನ್ ಬೋರ್ಡು 15 ಲಕ್ಷ ಡಾಲರುಗಳನ್ನು ಕೊಟ್ಟಿತು. ಆ ನಿಧಿಗೆ ವೆಲ್ಚನ ಹೆಸರನ್ನೇ ಇಡಲಾಯಿತು. ವೈದ್ಯಕೀಯದ ಪ್ರಾಧ್ಯಾಪಕನಾಗಿದ್ದ ಬಾರ್ಕರನು ವೃತ್ತಿಯನ್ನು ಬಿಡಲೊಪ್ಪದೆ ಪೀಠವನ್ನು ಬಿಟ್ಟನು. ಅವನ ಸ್ಥಾನಕ್ಕೆ 1914ರಲ್ಲಿ ಬಂದ ಥಿಯೊಡೋರ್ ಜೇನ್‌ವೇ ಮೂರು ವರ್ಷಗಳಲ್ಲಿ ಅತೃಪ್ತಿಯಿಂದ ರಾಜೀನಾಮೆಯಿತ್ತನು.

ಈ ವಿವಾದದಲ್ಲಿ ಎರಡು ಪಕ್ಷಗಳ ನಿಲುವೂ ಅವರವರ ಓದಿಗೆ ಅನುಗುಣವಾಗಿಯೇ ಇದ್ದಿತು. ರೋಗಿಯ ಬಳಿ ಕಲಿತವನಿಗೆ ರೋಗಿಯಿಂದ ದೂರವಾಗುವ ಭಯ. ಪ್ರಯೋಗಶಾಲೆಯಲ್ಲಿ ಕಲಿತವನಿಗೆ ಹಣದಾಸೆಯಿಂದ ಸಂಶೋಧನೆ ಕೆಡುವ ಭಯ. ಎರಡೂ ಭಯಗಳು ನ್ಯಾಯವಾದವೇ. ಗೆದ್ದದ್ದು ಎರಡನೆಯದು. ನಾಯಕತ್ವವೂ ನಿಧಿಯೂ ಆಗಲೇ ಒಂದೇ ಕಡೆ ಸೇರಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

4

ಆರೋಗ್ಯಶಾಸ್ತ್ರದ ಪ್ರತ್ಯೇಕ ವಿದ್ಯಾಲಯವು ಸ್ಥಾಪಿತವಾದಾಗ ಇದೇ ಪ್ರಶ್ನೆ ಇನ್ನೂ ತೀವ್ರವಾಗಿ ಎದ್ದಿತು. ಪಟ್ಟಣಗಳಿಗೆ ಶುದ್ಧವಾದ ನೀರನ್ನು ಒದಗಿಸಿ ವಿಷಮಶೀತಜ್ವರವನ್ನು ತಗ್ಗಿಸಿದವರಲ್ಲಿ ಎಂಜಿನಿಯರುಗಳು ಮುಖ್ಯರು. ಬಡತನ, ವಸತಿ, ದುಡಿಮೆ ಇವುಗಳಿಗೂ ರೋಗಕ್ಕೂ ಇರುವ ಸಂಬಂಧವನ್ನು ಬಲ್ಲವರು ಸಮಾಜಶಾಸ್ತ್ರಜ್ಞರು. ಹಾರ್ವರ್ಡ್ ಮತ್ತು ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯಗಳು 1913ರಲ್ಲಿ ಜೊತೆಯಾಗಿ ತೆರೆದ ಆರೋಗ್ಯಾಧಿಕಾರಿಗಳ ಶಾಲೆಯಲ್ಲಿ ಜೀವಶಾಸ್ತ್ರಜ್ಞನಾದ ಸೆಜ್‌ವಿಕ್, ನೈರ್ಮಲ್ಯ ಎಂಜಿನಿಯರನಾದ ವಿಪಲ್, ವೈದ್ಯನಾದ ರೋಸೆನೋ ಈ ಮೂವರೂ ಮುಂದಾಳುಗಳಾಗಿದ್ದರು. ಕೊಲಂಬಿಯ ವಿಶ್ವವಿದ್ಯಾನಿಲಯದ ಯೋಜನೆಯು ಸಾಮಾಜಿಕ ಶಾಸ್ತ್ರಗಳಿಗೆ ದೊಡ್ಡ ಸ್ಥಾನ ಕೊಟ್ಟಿದ್ದಿತು. ಅದರ ಪರವಾಗಿ ವಾದಿಸಿದವನು ಅರ್ಥಶಾಸ್ತ್ರಜ್ಞನಾದ ಸೆಲಿಗ್ಮನ್.

ರಾಕ್‌ಫೆಲರ್ ಪ್ರತಿಷ್ಠಾನವು 1916ರಲ್ಲಿ ಆರಿಸಿದ್ದು ಇವೆರಡನ್ನೂ ಅಲ್ಲ, ಹಾಪ್‌ಕಿನ್ಸನ್ನು. ವೆಲ್ಚನೇ ಮೊದಲ ನಿರ್ದೇಶಕನಾದನು. 1918ರ ಅಕ್ಟೋಬರಿನಲ್ಲಿ, ಇನ್‌ಫ್ಲುಯೆಂಜಾ ಪಿಡುಗು ಊರನ್ನು ಆವರಿಸಿದ್ದ ಸಮಯದಲ್ಲಿ, ವಿದ್ಯಾಲಯವು ತೆರೆಯಿತು. 1926ರಲ್ಲಿ ವೆಲ್ಚನ ತರುವಾಯ ಆ ಪೀಠಕ್ಕೆ ಬಂದವನು ಹೋವೆಲ್. ಅಂದರೆ, ದೇಶದ ಪ್ರಮುಖ ಆರೋಗ್ಯಶಾಸ್ತ್ರ ವಿದ್ಯಾಲಯವನ್ನು ಮೊದಲ ಹದಿನೈದು ವರ್ಷ ನಡೆಸಿದವರು ಒಬ್ಬ ರೋಗವಿಜ್ಞಾನಿ, ಒಬ್ಬ ಶರೀರಕ್ರಿಯಾಶಾಸ್ತ್ರಜ್ಞ. ಪಟ್ಟಣವೊಂದರ ಆರೋಗ್ಯಾಧಿಕಾರಿಯಾಗಿ ಚರಂಡಿ, ಬಾವಿ, ಹಾಲಿನಂಗಡಿಗಳನ್ನು ತಿರುಗಿ ನೋಡಿದವರು ಇಬ್ಬರಲ್ಲಿ ಯಾರೂ ಅಲ್ಲ. ಕ್ಷೇತ್ರದಲ್ಲಿ ಪಳಗಿದವನು ಮುಖ್ಯಸ್ಥನಾದದ್ದು 1931ರಲ್ಲಿ. ಸರ್ಕಾರದ ಆರೋಗ್ಯ ಇಲಾಖೆಯಲ್ಲಿ ದುಡಿದು, ಓಹಾಯೋ ನದಿಯ ಮಾಲಿನ್ಯವನ್ನೂ ಪೋಲಿಯೋ ಮತ್ತು ಇನ್‌ಫ್ಲುಯೆಂಜಾ ಪಿಡುಗುಗಳನ್ನೂ ಪರಿಶೀಲಿಸಿದ್ದ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಆ ವರ್ಷ ಡೀನನಾದನು.

ಇದರಿಂದ ವೆಲ್ಚನು ಬೇರೆ ಶಾಸ್ತ್ರಗಳಿಗೆ ಬಾಗಿಲು ಮುಚ್ಚಿದನೆಂದು ಹೇಳಿದರೆ ತಪ್ಪಾದೀತು. ಸಂಖ್ಯಾಶಾಸ್ತ್ರಕ್ಕೆ ಜೀವಶಾಸ್ತ್ರಜ್ಞನಾದ ರೇಮಂಡ್ ಪರ್ಲನನ್ನೂ, ಪೋಷಣವಿಜ್ಞಾನಕ್ಕೆ ರಸಾಯನಶಾಸ್ತ್ರಜ್ಞನಾದ ಮೆಕಾಲಮನನ್ನೂ ಕರೆತಂದವನು ಅವನೇ. 1919ರಲ್ಲಿ ಫ್ರಾಸ್ಟನು ಬಂದದ್ದೂ ಅವನ ಕಾಲದಲ್ಲಿಯೇ. ನಾಯಕನ ಓದು ಅವನ ದೃಷ್ಟಿಗೆ ಒಂದು ದಿಕ್ಕನ್ನು ಕೊಡುತ್ತದೆಯೇ ಹೊರತು ಅವನ ಕಣ್ಣನ್ನು ಕಟ್ಟುವುದಿಲ್ಲ. ಆದರೂ ಸಾಮಾಜಿಕ ಶಾಸ್ತ್ರಗಳಿಗೆ ಕೊಲಂಬಿಯದ ಯೋಜನೆ ನೀಡಿದ್ದ ಸ್ಥಾನ ಇಲ್ಲಿ ಅವಕ್ಕೆ ದೊರೆಯಲಿಲ್ಲ. ಯಾವ ವಿದ್ಯೆ ಮುಖ್ಯಪೀಠದಲ್ಲಿ ಕುಳಿತಿತೋ ಅದಕ್ಕೆ ಕೊಠಡಿಗಳೂ ವೇತನಗಳೂ ಶಿಷ್ಯರೂ ಮೊದಲು ದೊರೆತರು.

5

ನಾಯಕರ ಪಟ್ಟಿಯಲ್ಲಿ ಯಾರು ಸೇರಲಿಲ್ಲವೆಂಬುದೂ ಚರಿತ್ರೆಯೇ. ಸ್ತ್ರೀಯರ ಹಣದಿಂದ ತೆರೆದ ಈ ವಿದ್ಯಾಲಯದಲ್ಲಿ ಫ್ಲಾರೆನ್ಸ್ ಸೇಬಿನ್ 1900ರಲ್ಲಿ ವೈದ್ಯಪದವಿ ಪಡೆದು, 1917ರಲ್ಲಿ ಅಲ್ಲಿಯ ಮೊದಲ ಸ್ತ್ರೀ ಪೂರ್ಣಪ್ರಾಧ್ಯಾಪಕಳಾದಳು. ಅದೇ ವರ್ಷ ಅಂಗರಚನಾಶಾಸ್ತ್ರದ ಮುಖ್ಯಸ್ಥನಾಗಿದ್ದ ಫ್ರಾಂಕ್ಲಿನ್ ಮಾಲ್ ತೀರಿಕೊಂಡನು. ವಿಭಾಗದ ಮುಖ್ಯಪೀಠವು ಆಕೆಗೆ ದೊರೆಯಲಿಲ್ಲ. ಆಕೆಯ ಹಳೆಯ ವಿದ್ಯಾರ್ಥಿಯಾದ ಲೂಯಿಸ್ ವೀಡನಿಗೆ ಹೋಯಿತು. ವೀಡನು 1923ರಲ್ಲಿ ವೈದ್ಯವಿದ್ಯಾಲಯದ ಡೀನನೂ ಆದನು. ಸೇಬಿನ್ 1925ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಹೊರಟುಹೋದಳು. ವಿದ್ಯಾಹಿನ್ನೆಲೆಯೊಂದೇ ಅರ್ಹತೆಯೆಂಬ ಮಾತನ್ನು ಸಂಸ್ಥೆಯು ತಾನೇ ಎಷ್ಟು ನಂಬಿತ್ತೆಂಬುದನ್ನು ಇಲ್ಲಿ ಅಳೆಯಬಹುದು.

ಶುಶ್ರೂಷಾವಿದ್ಯೆಯ ಸಂಗತಿ ಇದಕ್ಕಿಂತ ಕಠಿನವಾದುದು. ಹಾಪ್‌ಕಿನ್ಸ್ ಆಸ್ಪತ್ರೆಯ ದಾದಿಯರ ಶಾಲೆಯು 1889ರಲ್ಲಿ, ಎಂದರೆ ವೈದ್ಯವಿದ್ಯಾಲಯಕ್ಕಿಂತ ಮೊದಲೇ, ತೆರೆಯಿತು. ಅದರ ಮೊದಲ ಮುಖ್ಯಸ್ಥೆ ಇಸಬೆಲ್ ಹ್ಯಾಂಪ್ಟನ್ ಕೆನಡಾದಲ್ಲಿ ಶಾಲಾ ಉಪಾಧ್ಯಾಯಿನಿಯಾಗಿದ್ದು, 1883ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ದಾದಿಯಾಗಿ ತರಬೇತಿ ಪಡೆದವಳು. ಎರಡನೆಯವಳು ಅಡಿಲೇಡ್ ನಟಿಂಗ್. ಆ ಶಾಲೆಯಿಂದಲೇ 1891ರಲ್ಲಿ ತೇರ್ಗಡೆಯಾದವಳು. ಈಕೆ 1907ರಲ್ಲಿ ಕೊಲಂಬಿಯದ ಟೀಚರ್ಸ್ ಕಾಲೇಜಿಗೆ ಹೋಗಿ ಶುಶ್ರೂಷಾವಿದ್ಯೆಯ ಲೋಕದ ಮೊದಲ ಪ್ರಾಧ್ಯಾಪಕಳಾದಳು. ಇವರಿಬ್ಬರಿಗೂ ಕಾಲೇಜಿನ ಪದವಿ ಇರಲಿಲ್ಲ. ಇದು ಅವರ ಕೊರತೆಯಲ್ಲ. ಅವರು ಕಲಿತ ವಿದ್ಯೆಗೆ ಪದವಿ ಕೊಡುವ ವಿಶ್ವವಿದ್ಯಾನಿಲಯವೇ ಆಗ ಇರಲಿಲ್ಲ. ಪದವಿಯಿಲ್ಲವೆಂದು ವಿದ್ಯೆಯನ್ನು ಹೊರಗಿಡುವುದು, ಹೊರಗಿಟ್ಟುದರಿಂದ ಪದವಿ ಹುಟ್ಟದಿರುವುದು, ಈ ವಿಷಚಕ್ರವನ್ನು ಯೇಲ್ 1923ರಲ್ಲಿ ಸ್ವಲ್ಪ ಮುರಿಯಿತು. ಅಲ್ಲಿಯ ಶುಶ್ರೂಷಾ ವಿದ್ಯಾಲಯಕ್ಕೆ ಡೀನಳಾದ ಆನಿ ಗುಡ್ರಿಚ್ ಆಸ್ಪತ್ರೆಯ ಶಾಲೆಯಲ್ಲಿ ತರಬೇತಿ ಪಡೆದವಳೇ. ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವು ತನ್ನದೇ ಶುಶ್ರೂಷಾ ವಿದ್ಯಾಲಯವನ್ನು ಸ್ಥಾಪಿಸಿದ್ದು 1983ರಲ್ಲಿ. ಒಂದೇ ಅಂಗಳದ ಎರಡು ವಿದ್ಯೆಗಳಲ್ಲಿ ಒಂದಕ್ಕೆ ತೊಂಬತ್ತು ವರ್ಷ ಮೊದಲೇ ದೊರೆತ ಸ್ಥಾನವು ಇನ್ನೊಂದಕ್ಕೆ ಆಗ ದೊರೆಯಿತು.

6

ಇನ್ನು ನಮ್ಮ ದೇಶದ ಕಡೆಗೆ ಬರೋಣ. 1835ರಲ್ಲಿ ಸ್ಥಾಪಿತವಾದ ಕಲಕತ್ತೆಯ ವೈದ್ಯಕೀಯ ಕಾಲೇಜಿನ ಮೊದಲ ಮುಖ್ಯಸ್ಥನು ಕಂಪನಿಯ ವೈದ್ಯನಾದ ಬ್ರಾಮ್ಲಿ. ಅವನು 1837ರಲ್ಲಿ ತೀರಿಕೊಂಡ ಮೇಲೆ ಕಾಲೇಜಿನ ಕಾರ್ಯದರ್ಶಿಯಾದವನು ಡೇವಿಡ್ ಹೇರ್. ಗಡಿಯಾರದ ಕಸಬಿನಿಂದ ಜೀವಿಸಿ, ವಿದ್ಯಾಪ್ರಸಾರಕ್ಕೆ ಬಾಳನ್ನು ಮುಡಿಪಾಗಿಟ್ಟವನು. ಇದು ವಿನಾಯಿತಿ. ಮುಂದೆ ಸರ್ಕಾರದ ದೊಡ್ಡ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥಾನಗಳು ಬಹುಕಾಲ ಇಂಡಿಯನ್ ಮೆಡಿಕಲ್ ಸರ್ವಿಸ್ಸಿನ ಅಧಿಕಾರಿಗಳ ಪಾಲಾದವು. ಅದು ಮೂಲತಃ ಸೈನಿಕ ವೈದ್ಯರ ಸೇವಾವರ್ಗ. ಅಲ್ಲಿ ಅರ್ಹತೆಯನ್ನು ನಿರ್ಣಯಿಸುತ್ತಿದ್ದುದು ಪ್ರಯೋಗಶಾಲೆಯೂ ಅಲ್ಲ, ಊರಿನ ವೃತ್ತಿಯೂ ಅಲ್ಲ, ಸೇವಾವರ್ಗದಲ್ಲಿಯ ಹಿರಿತನ.

ಹಾಪ್‌ಕಿನ್ಸಿನ ಪ್ರಭಾವವು ರಾಕ್‌ಫೆಲರ್ ಪ್ರತಿಷ್ಠಾನದ ಮೂಲಕ ಬಂದಿತು. ಅದರ ನೆರವಿನಿಂದ 1932ರಲ್ಲಿ ಕಲಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯಶಾಸ್ತ್ರ ಹಾಗೂ ಸಾರ್ವಜನಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1939ರಲ್ಲಿ ಅದರ ನಿರ್ದೇಶಕನಾದ ಜಾನ್ ಗ್ರಾಂಟನು ಚೀನಾದಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿ, ಮಿಷಿಗನ್‌ನಲ್ಲಿ ವೈದ್ಯಕೀಯವನ್ನೂ ಹಾಪ್‌ಕಿನ್ಸಿನಲ್ಲಿ ಸಾರ್ವಜನಿಕ ಆರೋಗ್ಯವನ್ನೂ ಓದಿ, ಪೀಕಿಂಗಿನಲ್ಲಿ ಕೆಲಸ ಮಾಡಿದ್ದವನು. ಅವನು ಭೋರ್ ಸಮಿತಿಯ ಸದಸ್ಯನೂ ಆಗಿದ್ದನು. 1946ರಲ್ಲಿ ವರದಿ ಒಪ್ಪಿಸಿದ ಆ ಸಮಿತಿಯ ಸಲಹೆಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಕೇಂದ್ರವೂ ಒಂದು. ಅದರ ಫಲವಾಗಿ 1956ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನಗಳ ಸಂಸ್ಥೆ ಸ್ಥಾಪಿತವಾಯಿತು. ಅಧ್ಯಾಪಕರಿಗೆ ಖಾಸಗಿ ವೃತ್ತಿ ಅಲ್ಲಿ ನಿಷಿದ್ಧ. ಅದರ ಮೊದಲ ನಿರ್ದೇಶಕರಾದ ಬಿ. ಬಿ. ದೀಕ್ಷಿತರು ಶರೀರಕ್ರಿಯಾಶಾಸ್ತ್ರಜ್ಞರು. ಬಾಲ್ಟಿಮೋರಿನಲ್ಲಿ ಹೋವೆಲ್ ಡೀನನಾದುದಕ್ಕೂ ದೆಹಲಿಯಲ್ಲಿ ದೀಕ್ಷಿತರು ನಿರ್ದೇಶಕರಾದುದಕ್ಕೂ ನೇರವಾದ ಕಾರಣಸಂಬಂಧವನ್ನು ನಾವು ಹೇಳುತ್ತಿಲ್ಲ. ಆದರೆ ಮೂಲವಿಜ್ಞಾನದಲ್ಲಿ ಪಳಗಿದವರು ವೈದ್ಯಶಿಕ್ಷಣವನ್ನು ನಡೆಸಬಹುದೆಂಬ ಭಾವನೆಯು ಆ ವೇಳೆಗೆ ಲೋಕಸಮ್ಮತವಾಗಿದ್ದಿತು.

7

ಈ ಪರಿಶೀಲನೆಯಿಂದ ಮೂರು ಮಾತುಗಳು ಹೊರಡುತ್ತವೆ. ಮೊದಲನೆಯದು, ಮುಖ್ಯಸ್ಥನ ವಿದ್ಯಾಹಿನ್ನೆಲೆಯು ಸಂಸ್ಥೆಯ ಧ್ಯೇಯವನ್ನು ಬರಹರೂಪದ ನಿಯಮಗಳಿಗಿಂತ ಮೊದಲೇ ಸೂಚಿಸುತ್ತದೆ. ಎರಡನೆಯದು, ಅದು ಸೂಚನೆಯೇ ಹೊರತು ವಿಧಿಯಲ್ಲ. ಗ್ರೀಕ್ ಕಲಿಸುತ್ತಿದ್ದವನು ಪ್ರಯೋಗಶಾಲೆಯನ್ನು ಕಟ್ಟಿದ, ಪ್ರಯೋಗಶಾಲೆಯವನು ಕ್ಷೇತ್ರಾಧ್ಯಯನಕ್ಕೆ ಎಡೆಮಾಡಿಕೊಟ್ಟ. ಮೂರನೆಯದು, ಪದವಿಗಳ ಪಟ್ಟಿಯನ್ನು ಓದುವಾಗ ಪದವಿ ಯಾರಿಗೆ ಸಿಗುವಂತಿತ್ತು, ಯಾರಿಗೆ ಸಿಗುವಂತಿರಲಿಲ್ಲ ಎಂಬುದನ್ನೂ ಜೊತೆಗೇ ಓದಬೇಕು. ಇಲ್ಲವಾದರೆ ಅನ್ಯಾಯವನ್ನೇ ಅರ್ಹತೆಯೆಂದು ಬರೆದಂತಾಗುತ್ತದೆ.

ನಮ್ಮ ನಾಡಿನ ವೈದ್ಯಶಿಕ್ಷಣದ ಚರಿತ್ರೆಯನ್ನು ಈ ದೃಷ್ಟಿಯಿಂದ ಬರೆಯುವ ಕೆಲಸ ನಮ್ಮ ವಿದ್ಯಾರ್ಥಿಗಳಿಗಾಗಿ ಕಾದಿದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜನ್ನು ಆಳಿದವರು ಯಾವ ವಿಷಯದಲ್ಲಿ ಪಳಗಿದ್ದರು, ಎಲ್ಲಿ ಓದಿದ್ದರು, ಸಂಸ್ಥಾನದ ಸೇವೆಗೆ ಹೇಗೆ ಬಂದರು, ಅವರ ಕಾಲದಲ್ಲಿ ಯಾವ ವಿಭಾಗಗಳು ಬೆಳೆದವು, ಯಾವುವು ಸೊರಗಿದವು ಎಂಬುದನ್ನು ಕ್ರಮವಾಗಿ ಜೋಡಿಸಬೇಕು. ವಿಶ್ವವಿದ್ಯಾನಿಲಯದ ಕ್ಯಾಲೆಂಡರುಗಳು, ಸಂಸ್ಥಾನದ ಆಡಳಿತ ವರದಿಗಳು, ನೌಕರರ ಸೇವಾಪಟ್ಟಿಗಳು ಇದಕ್ಕೆ ಮೊದಲ ಆಕರಗಳು. ಎಂ.ಎ. ಪದವಿಯ ಪ್ರಬಂಧಕ್ಕೆ ವಿಷಯ ಹುಡುಕುವವರು ಅರಸರ ದಿಗ್ವಿಜಯಗಳ ಜೊತೆಗೆ ಇದನ್ನೂ ಗಮನಿಸಬಹುದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ವೈದ್ಯನೂ ದಾದಿಯೂ ಏನನ್ನು ಕಲಿತು ಬಂದಿರುತ್ತಾರೆಂಬುದು, ಅವರಿಗೆ ಕಲಿಸಲು ನೇಮಕವಾದವರು ತಾವೇನನ್ನು ಕಲಿತಿದ್ದರೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.